ಪೂರ್ವಿ ಅಳಿಸಿದ ಇನ್ನೂರು ಸಾಲುಗಳು

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಪೂರ್ವಿ ಕಂಪ್ಯೂಟರಿನ ಮುಂದೆ ಕೂತು ಯಾರು ಯಾವಾಗ ಏನು ಬದಲಿಸಿದರೆಂಬ ಪಟ್ಟಿಯಲ್ಲಿ ತನ್ನದೇ ಹೆಸರನ್ನು ಓದುತ್ತಿದ್ದಳು. ಹೆಸರಿನ ಪಕ್ಕ ಶುಕ್ರವಾರದ ತಾರೀಖು. ಅದರ ಕೆಳಗೆ ಅವಳೇ ಹೆಮ್ಮೆಯಿಂದ ಬರೆದಿಟ್ಟ ವಾಕ್ಯ: 'ಉಪಯೋಗವಿಲ್ಲದ ಇನ್ನೂರು ಸಾಲು ತೆಗೆದಿದ್ದೇನೆ.'

ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು.

ಅಬಿಡ್ಸ್‌ನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಆ ಆಫೀಸಿನಲ್ಲಿ ವೆಬ್ ಪುಟಗಳನ್ನು ಮಾಡಿಕೊಡುತ್ತಿದ್ದರು. ಈ ಬಾರಿಯದು ಒಂದು ಟ್ರಸ್ಟಿನ ಪುಟ. ಕಟ್ಟಡ ಕೆಲಸದವರಿಗೆ ಉಚಿತ ಕಣ್ಣಿನ ತಪಾಸಣೆ; ಪುಟ ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿಗಳಲ್ಲಿ. ಮೊಬೈಲಿನಲ್ಲಿ ಹೆಸರು ಬರೆದು, ಕೊನೆಯಲ್ಲಿ ಹಸಿರು ಬಟನ್ ಒತ್ತಿದರೆ ಆಯಿತು. ಭಾನುವಾರ ಪುಟ ಎಲ್ಲರಿಗೂ ತೆರೆದುಕೊಂಡಿತು. ಆದರೆ ಚಿಕ್ಕ ಫೋನುಗಳಲ್ಲಿ ಹಸಿರು ಬಟನ್ ಕಾಣಿಸಲೇ ಇಲ್ಲ. ಪರದೆಯ ತಳಕ್ಕೆ ಅಂಟಿಕೊಂಡ ಸಹಾಯವಾಣಿಯ ನೀಲಿ ಪಟ್ಟಿ ಅದರ ಮೇಲೆ ಕೂತುಬಿಟ್ಟಿತ್ತು. ಒತ್ತಿದವರ ಫೋನೆಲ್ಲ ಸೀದಾ ಸಹಾಯವಾಣಿಗೆ ಹೋಗಿ, ಟ್ರಸ್ಟಿನ ಭವಾನಿ ಮೇಡಂ ಇಡೀ ದಿನ 'ಹಲೋ, ಹಲೋ' ಎಂದು ಗಂಟಲು ಹರಿದುಕೊಂಡಿದ್ದರು.

"ಮೊಬೈಲ್ ಭಾಗ ಮಾಡಿದ್ದು ನೀನೇ ತಾನೆ?" ಮ್ಯಾನೇಜರ್ ರವಿಶಂಕರ್ ಗುರುಶಾಂತನ ಕುರ್ಚಿಯ ಹಿಂದೆ ನಿಂತು ಗುಡುಗುತ್ತಿದ್ದರು.

"ಹೌದ್ರಿ ಸರ್."

"ಟೆಸ್ಟ್ ಮಾಡಿದ್ಯಾ?"

"ಮಾಡೀನ್ರಿ. ನಮ್ಮವ್ವನ ಫೋನಿನಾಗ ನೋಡೇ ಕೊಟ್ಟೀನಿ."

"ನಿಮ್ಮವ್ವನ ಫೋನಲ್ಲಿ ಮಾತ್ರ ಬರುತ್ತಾ ಹಾಗಾದ್ರೆ? ಮೂರು ಗಂಟೆಗೆ ಮೇಡಂ ಬರ್ತಿದಾರೆ. ಇವತ್ತು ನಿನ್ನ ಪ್ರೊಬೇಷನ್ ಮುಗಿಯೋ ದಿನ, ನೆನಪಿರಲಿ."

ಪೂರ್ವಿಗೂ ಚೆನ್ನಾಗಿ ನೆನಪಿತ್ತು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುಟ್ಟಾಗಿ ಒಂದು ಚುಕ್ಕೆ ಇಟ್ಟುಕೊಂಡಿದ್ದಳು. ಪುಣೆಯ ಕಂಪನಿಯೊಂದು ಗುರುಶಾಂತನನ್ನು ಕರೆದಿತ್ತು. ಇಲ್ಲಿ ಖಾಯಂ ಆದರೆ ಹೋಗುವುದಿಲ್ಲ, ಆಗದಿದ್ದರೆ ಈ ವಾರವೇ ರೈಲು ಹತ್ತುತ್ತೇನೆ ಎಂದಿದ್ದ. ಹಾಗೆ ಹೇಳುವಾಗ ಅವಳ ಮುಖ ನೋಡದೆ ತನ್ನ ಊಟದ ಡಬ್ಬಿಯನ್ನೇ ನೋಡುತ್ತಿದ್ದ. ಡಬ್ಬಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ತಪ್ಪು ಅವನದಲ್ಲ, ಅವಳದು. ಪುಟದ ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಬಟನ್ ಎಲ್ಲಿರಬೇಕು ಎಂದೆಲ್ಲ ಹೇಳುವ ಫೈಲೇ ಸ್ಟೈಲ್ ಶೀಟ್. ಅದರಲ್ಲಿ ಬಳಕೆಯಾಗದ ಸಾಲುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುವ ಸಲಕರಣೆ ಬ್ರೌಸರಿನಲ್ಲೇ ಇದೆ. ಶುಕ್ರವಾರ ಪೂರ್ವಿ ತನ್ನ ಅಗಲವಾದ ಮಾನಿಟರಿನಲ್ಲಿ ಅದನ್ನು ಓಡಿಸಿ, ಕೆಂಪಗಿದ್ದದ್ದನ್ನೆಲ್ಲ ಗುಡಿಸಿ ಹಾಕಿದ್ದಳು. ಚಿಕ್ಕ ಪರದೆಗೆಂದೇ ಬರೆದ ಸಾಲುಗಳು ದೊಡ್ಡ ಪರದೆಯಲ್ಲಿ ಬಳಕೆಯಾಗುವುದೇ ಇಲ್ಲ, ಹಾಗಾಗಿ ಕೆಂಪಗೇ ಕಾಣುತ್ತವೆ ಎಂಬುದು ಏಳು ವರ್ಷದ ಅನುಭವದ ಆ ಜಾಣೆಗೆ ಹೊಳೆಯಲೇ ಇಲ್ಲ.

ಎದ್ದು ನಿಂತು 'ಸರ್, ಅದು ನಾನು' ಎನ್ನಬೇಕಿತ್ತು. ಆದರೆ ಮುಂದಿನ ವಾರ ಅವಳನ್ನೇ ಟೀಮ್ ಲೀಡ್ ಮಾಡುವ ಮಾತಿತ್ತು. ಮೈಸೂರಿನಲ್ಲಿ ಅಪ್ಪ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಆಗಲೇ ಅವಳ ಕಣ್ಣು ಗುರುಶಾಂತನ ಪರದೆಯ ಮೇಲೆ ಬಿತ್ತು. ಅಲ್ಲಿಯೂ ಅದೇ ಬದಲಾವಣೆಗಳ ಪಟ್ಟಿ. ಅದೇ ಶುಕ್ರವಾರ, ಅವಳದೇ ಹೆಸರು. ರವಿಶಂಕರ್ ಬಗ್ಗುವುದಕ್ಕೂ ಗುರುಶಾಂತ ಅದನ್ನು ಮುಚ್ಚುವುದಕ್ಕೂ ಸರಿಹೋಯಿತು.

"ಸರಿ ಮಾಡ್ತೀನ್ರಿ ಸರ್," ಎಂದ. ತಲೆ ಎತ್ತಿ ಒಂದೇ ಕ್ಷಣ ಪೂರ್ವಿಯನ್ನು ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮ್ಯಾನೇಜರ್ ಒಳಗೆ ಹೋದದ್ದೇ ತಡ, ಪೂರ್ವಿ ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಬಂದಳು. "ಹಳೇದನ್ನೇ ವಾಪಸ್ ಹಾಕ್ಬಿಡೋಣ."

"ಆಗಂಗಿಲ್ರಿ. ಶನಿವಾರ ಹಿಂದಿ ಪುಟದ ಕೆಲಸ ಎಲ್ಲಾ ಇದರ ಮ್ಯಾಲೇ ಆಗೇತಿ. ಹಳೇದು ಹಾಕಿದ್ರ ಅದು ಹೋಗ್ತದ. ಒಂದೊಂದೇ ಸಾಲು ಬರೀಬೇಕು."

"ಬರೆಯೋಣ."

"ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?"

"ಇಲ್ಲ," ಎಂದಳು. ಅವಳ ಫೋನಿನಲ್ಲಿ ಆ ದಿನದ ಒಂಬತ್ತು ಕೆಲಸಗಳು ಕಾದು ಕೂತಿದ್ದವು.

ಗುರುಶಾಂತ ಜೇಬಿನಿಂದ ಒಡಕು ಗಾಜಿನ ಚಿಕ್ಕ ಫೋನು ತೆಗೆದ. ಅವ್ವನದು. ಬೆಳಗ್ಗೆ ಫಜೀತಿ ಗೊತ್ತಾದ ಕೂಡಲೇ ಮಿಯಾಪುರದ ಅಪಾರ್ಟ್‌ಮೆಂಟ್ ಕೆಲಸದ ಜಾಗಕ್ಕೆ ಹೋಗಿ ಇಸಿದುಕೊಂಡು ಬಂದಿದ್ದ. ಯಾದಗಿರಿಯಿಂದ ಕೂಲಿಗೆ ಬಂದ ಅವನ ಅವ್ವ ಶಂಕ್ರಮ್ಮನಿಗೆ ದೃಷ್ಟಿ ಮಂಜಾಗಿ ಎರಡು ವರ್ಷ. ಅಕ್ಷರವನ್ನೆಲ್ಲ ಅತಿ ದೊಡ್ಡದಾಗಿಸಿ ಇಟ್ಟುಕೊಂಡಿದ್ದಳು. ಪುಟ ತೆರೆದರೆ ತೆಲುಗಿನ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿದ್ದವು, ಕನ್ನಡದವೂ ಅಷ್ಟೆ.

"ಇಂಗ್ಲಿಷಿಗೆ ಒತ್ತಕ್ಷರ ಇಲ್ರಿ, ಅದಕ್ಕ ದೊಡ್ಡ ಪರದೆಗೆ ಬರೀವಾಗ ನೀವು ಬಟನ್ ಎತ್ತರ ನಲವತ್ತಂತ ಗಟ್ಟಿ ಮಾಡೀರಿ," ಎಂದ. "ಎತ್ತರ ಕಟ್ಟಿಹಾಕಬಾರದು. ಕನಿಷ್ಠ ಇಷ್ಟು ಅಂತ ಹೇಳಿ ಬಿಟ್ಟುಬಿಡಬೇಕು. ಅಕ್ಷರ ಬೆಳೆದಂಗ ಬಟನ್ ತಾನೂ ಬೆಳೀತದ."

ಪೂರ್ವಿ ಟೈಪ್ ಮಾಡಿದಳು. ಸಾಲುಗಳ ನಡುವಿನ ಅಂತರ ಹೆಚ್ಚಿಸಿದಳು. ಕಾಲುಗಳು ಮರಳಿ ಬಂದವು.

"ನೀಲಿ ಪಟ್ಟಿಗೆ?"

"ಪುಟದ ತಳದಾಗ ಪಟ್ಟಿಯ ಎತ್ತರದಷ್ಟು ಜಾಗ ಖಾಲಿ ಬಿಡ್ರಿ. ಅಂದ್ರ ಕಡೀಗೆ ಬಂದ ಮ್ಯಾಲೆ ಬಟನ್ ಮ್ಯಾಲಕ್ಕ ಸರೀತದ. ಅಳತಿ ಮಾತ್ರ ಅಕ್ಷರದ ಲೆಕ್ಕದಾಗ ಕೊಡ್ರಿ, ಇಲ್ಲಂದ್ರ ಅವ್ವನಂಥವರ ಫೋನಿನಾಗ ಮತ್ತ ಮುಚ್ಚತದ."

ಮೌಸ್ ಇಬ್ಬರಿಗೂ ಒಂದೇ. ಅವನ ಬೆರಳು ತಾಗಿದಾಗಲೆಲ್ಲ ಪೂರ್ವಿ ಕೈ ಹಿಂದೆಗೆಯುತ್ತಿದ್ದಳು, ಆಮೇಲೆ ಯಾಕೆ ಹಿಂದೆಗೆದೆನೋ ಎಂದು ತನ್ನ ಮೇಲೇ ಸಿಡುಕುತ್ತಿದ್ದಳು. ಅವನು ಮಾತ್ರ ಒಂದೇ ಒಂದು ಸಲವೂ ಶುಕ್ರವಾರದ ವಿಷಯ ಎತ್ತಲಿಲ್ಲ. ಎರಡೂವರೆಯಾಯಿತು. ಊಟದ ಡಬ್ಬಿಗಳು ಮುಚ್ಚಿದ ಹಾಗೇ ಇದ್ದವು.

ಸರಿಯಾಗಿ ಮೂರಕ್ಕೆ ಭವಾನಿ ಮೇಡಂ ಬಂದರು. ನಮಸ್ಕಾರಕ್ಕೂ ನಿಲ್ಲದೆ ಚೀಲದಿಂದ ನಾಲ್ಕು ಹಳೆಯ ಫೋನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದರಲ್ಲೂ ಪುಟ ತೆರೆದರು. ಮೊದಲನೆಯದರಲ್ಲಿ ಹಸಿರು ಬಟನ್ ಬಂತು, ಎರಡನೆಯದರಲ್ಲೂ, ಮೂರನೆಯದರಲ್ಲೂ. ನಾಲ್ಕನೆಯದು ತೆರೆಯಲು ಸತಾಯಿಸಿತು. ಕೊನೆಗೂ ಬಂತು. ಮೇಡಂ ಒತ್ತಿದರು. 'ನಿಮ್ಮ ಹೆಸರು ದಾಖಲಾಗಿದೆ' ಎಂದಿತು ಫೋನು.

"ನಿನ್ನೆ ಇದನ್ನೇ ಮಾಡೋಕೆ ಏನಾಗಿತ್ತು?" ಎಂದಷ್ಟೇ ಹೇಳಿ ಮೇಡಂ ಹೊರಟರು.

ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದ ರವಿಶಂಕರ್ ಅವರ ಕೈಯಲ್ಲಿ ಒಂದು ಲಕೋಟೆಯಿತ್ತು. "ಗುರುಶಾಂತ, ಇವತ್ತು ಬಚಾವಾದ್ವಿ. ಆದರೂ ಸಾರಿ ಕಣಪ್ಪ. ಮೊದಲ ಕೆಲಸದಲ್ಲೇ ಹೀಗಾದ್ರೆ ನಾನು ಮೇಲಿನವರಿಗೆ ಏನು ಹೇಳಲಿ? ಈ ತಿಂಗಳ ಕೊನೆವರೆಗೆ..."

"ಆತ್ರಿ ಸರ್," ಎಂದು ಗುರುಶಾಂತ ಕೈ ಚಾಚಿದ.

"ಸರ್, ಅದನ್ನ ಕೊಡಬೇಡಿ." ಪೂರ್ವಿಯ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಗುರುಶಾಂತ ಸರಿಯಾಗೇ ಮಾಡಿದ್ರು. ಶುಕ್ರವಾರ ಅವರ ಸಾಲುಗಳನ್ನ ಅಳಿಸಿದ್ದು ನಾನು. ಬೆಳಗ್ಗೆ ಹನ್ನೊಂದಕ್ಕೇ ನನಗೆ ಗೊತ್ತಾಯ್ತು. ನೀವು ಅವರನ್ನ ಬೈತಿದ್ದಾಗ ನಾನು ಸುಮ್ಮನೆ ಕೂತಿದ್ದೆ."

ರವಿಶಂಕರ್ ಅವಳನ್ನು ನೋಡಿದರು, ಅವನನ್ನು ನೋಡಿದರು.

"ನಿನಗೆ ಗೊತ್ತಿತ್ತೇನೋ?"

ಗುರುಶಾಂತ ನೆಲ ನೋಡಿದ.

"ಒಳ್ಳೆ ಜೋಡಿ!" ಎಂದು ರವಿಶಂಕರ್ ಲಕೋಟೆ ಮಡಚಿ ಜೇಬಿಗಿಟ್ಟರು. "ನೀನು ಖಾಯಂ. ಪೂರ್ವಿ, ಲೀಡ್ ವಿಷಯ ಈ ವರ್ಷಕ್ಕೆ ಮರೆತುಬಿಡಿ. ತಪ್ಪು ಮಾಡಿದ್ದಕ್ಕಲ್ಲ, ನಾಲ್ಕು ತಾಸು ಬಾಯಿ ಮುಚ್ಚಿಕೊಂಡಿದ್ದಕ್ಕೆ."

ಅವಳು ತಲೆಯಾಡಿಸಿದಳು. ಅಳು ಬರಬೇಕಿತ್ತು, ಬರಲಿಲ್ಲ.

ಐದಕ್ಕೆ ಪೋಸ್ಟ್ ಆಫೀಸಿನ ಹತ್ತಿರದ ಬಸ್ ಸ್ಟಾಪಿನಲ್ಲಿ ಗುರುಶಾಂತ ಓಡೋಡಿ ಬಂದು ಅವಳನ್ನು ಹಿಡಿದ. ಆಟೋಗಳ ಹಾರ್ನಿನ ನಡುವೆ ಕೂಗಿಯೇ ಮಾತಾಡಬೇಕಿತ್ತು.

"ಯಾಕ ಹೇಳಿದ್ರಿ? ನಿಮ್ಮ ಪ್ರಮೋಷನ್ ಹೋತಲ್ರಿ! ನಾ ಹೆಂಗರ ಪುಣೆದಾಗ..."

"ಹೋಗ್ತಿದ್ರಿ, ಅಲ್ವಾ?" ಪೂರ್ವಿ ಅವನತ್ತ ತಿರುಗಿದಳು. ಬೆಳಗ್ಗಿನಿಂದ ಕಟ್ಟಿಟ್ಟದ್ದೆಲ್ಲ ಈಗ ಒಡೆಯಿತು. "ನನ್ನ ತಪ್ಪನ್ನ ತಲೆ ಮೇಲೆ ಹೊತ್ಕೊಂಡು, ನನಗೊಂದು ಮಾತೂ ಹೇಳದೆ ರೈಲು ಹತ್ತಿಬಿಡ್ತಿದ್ರಿ. ನಾನು ಜೀವನವಿಡೀ ಏನಂದ್ಕೊಂಡು ಇರಬೇಕಿತ್ತು? ದೊಡ್ಡ ತ್ಯಾಗಿ! ಬೈಯೋದಕ್ಕೂ ಯೋಗ್ಯಳಲ್ಲವಾ ನಾನು?"

"ನಿಮ್ಮ ಹೆಸರು ಹೇಳಾಕ ಬಾಯಿ ಬರಲಿಲ್ರಿ."

"ನನ್ನ ತಪ್ಪನ್ನ ನನ್ನ ಮುಖಕ್ಕೆ ಹೇಳದವರ ಜೊತೆ ನನಗಿರೋಕಾಗಲ್ಲ."

ಹೇಳಿಯಾದ ಮೇಲೆ, ತಾನು ಹೇಳಿದ್ದೇನೆಂದು ಅವಳಿಗೆ ಹೊಳೆಯಿತು. ಜೊತೆಗಿರುವ ಮಾತನ್ನು ಅಲ್ಲಿಯವರೆಗೆ ಯಾರೂ ಎತ್ತಿಯೇ ಇರಲಿಲ್ಲ. ಕಿವಿಯವರೆಗೆ ಕೆಂಪಾಗಿ, ಬರದ ಬಸ್ಸಿನ ದಾರಿ ನೋಡತೊಡಗಿದಳು.

ಗುರುಶಾಂತ ಅವಳ ಎದುರಿಗೇ ಬಂದು, ಬಸ್ಸಿನ ದಾರಿಗೆ ಅಡ್ಡವಾಗಿ ನಿಂತ.

"ಹಂಗಾದ್ರ ಹೇಳ್ಲೇನ್ರಿ?"

"ಹೇಳಿ."

"ಚಿಕ್ಕ ಫೋನಿನಾಗ ನೋಡದ ಅಳಿಸಿದ್ದು, ಭಾಳ ದೊಡ್ಡ ತಪ್ಪು."

"ಒಪ್ಪಿದೆ."

"ಸರ್ ನನ್ನ ಬೈಯುವಾಗ ನೀವು ಸುಮ್ಮಕ ಕುಂತಿದ್ದು, ಅದಕ್ಕೂ ದೊಡ್ಡದು. ನನಗ ನೋವಾತು."

ಅವಳ ಕಣ್ಣು ತುಂಬಿತು. "ಒಪ್ಪಿದೆ."

"ಇನ್ನೊಂದು ಐತಿ." ಅವನ ದನಿ ಇಳಿಯಿತು. "ಮೂರು ತಿಂಗಳಾತು, ನಾ ನಿಮ್ಮನ್ನ ನೋಡಾಕತ್ತಿ. ನಿಮಗ ಗೊತ್ತಿತ್ತು. ಗೊತ್ತಿದ್ದೂ ಏನೂ ಗೊತ್ತಿಲ್ಲದವರಂಗ ಇದ್ರಿ. ಇದೆಲ್ಲದ್ರಾಗ ದೊಡ್ಡ ತಪ್ಪು ಅದೇ."

ಬಸ್ಸು ಬಂತು, ನಿಂತಿತು, ಕಂಡಕ್ಟರು ತೆಲುಗಿನಲ್ಲಿ ಕೂಗಿದ, ಹೊರಟೂ ಹೋಯಿತು.

"ಅದು ಮಾತ್ರ ತಪ್ಪಲ್ಲ," ಎಂದಳು ಪೂರ್ವಿ, ಕಣ್ಣೊರೆಸಿಕೊಳ್ಳುತ್ತ. "ನನಗೆ ಗೊತ್ತಿದೆ ಅಂತ ತೋರಿಸಿದ್ರೆ ನೀವು ನೋಡೋದನ್ನ ನಿಲ್ಲಿಸಿಬಿಟ್ಟೀರಿ ಅಂತ ಹೆದರಿ, ಬೇಕಂತಲೇ ಹಾಗಿದ್ದೆ."