ಅಜ್ಜಿಯ ಒಲೆಯ ಬೆಂಕಿ

"ನಾಯಿ ಹಿಡ್ಕೊಳ್ಳಿ..."

ಬೇಲಿಯಾಚೆಯಿಂದ ಆ ದನಿ ಕೇಳಿದ್ದೇ ತಡ, ಚಹಾ ತಿರುವುತ್ತಿದ್ದ ಮಿಶೀಲ್‌ಳ ಕೈ ನಿಂತುಬಿಟ್ಟಿತು. ನಾಯಿ ಇರಲಿ ಬಿಡಲಿ, ಮಂಗೋಲಿಯಾದ ಉಲಾನ್‌ಬಾತರಿನ ಗುಡ್ಡದ ಮನೆಗಳಿಗೆ ಬಂದವರು ಹೀಗೇ ಕೂಗುವುದು. ಆದರೆ ಇವನು... ಯಾವ ಮುಖ ಹೊತ್ತು ಬಂದ?

ಬಾಗಿಲಲ್ಲಿ ದುಲ್ಗೂನ್ ನಿಂತಿದ್ದ. ರೆಪ್ಪೆಯ ಮೇಲೆ ಹಿಮ, ಕಂಕುಳಲ್ಲಿ ಕರೆಂಟಿನ ಹೀಟರ್. ಅವನ ಬೆನ್ನ ಹಿಂದೆ ಕಲ್ಲಿದ್ದಲ ಹೊಗೆ ಕವಿದು ಪಕ್ಕದ ಮನೆಯೂ ಕಾಣುತ್ತಿರಲಿಲ್ಲ.

"ಹೋದ ಚಳಿಗಾಲ ನೀನು ತಂದ್ಕೊಟ್ಟ ಇದ್ದಿಲುಂಡೆ ಉರಿಸಿ ಅಜ್ಜಿ ಸಾಯೋದ್ರಲ್ಲಿದ್ಲು. ಸಾಲ್ದಾ ನಿಂಗೆ?"

"ತಪ್ಪು ನಂದೇ ಅಂತಿಟ್ಕೋ. ಒಲೆ ತೆಗೆದು, ಇದನ್ನ ಕೂರಿಸಿ ಹೋಗ್ಬಿಡ್ತೀನಿ."

'ಎದುರು ಒಂದು ಮಾತಾದರೂ ಆಡಬಾರದೆ?' ಇವನ ಹೆಜ್ಜೆ ಸಪ್ಪಳಕ್ಕೇ ಕನ್ನಡಿ ನೋಡಿಕೊಳ್ಳುತ್ತಿದ್ದವಳು ಅವಳು. ಈಗಲೂ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಅಜ್ಜಿ ಕೆಮ್ಮುತ್ತಾ ಬಂದು ಒಲೆಗೆ ಅಡ್ಡ ನಿಂತರು. "ಒಲೆ ಮುಟ್ಬೇಡ ಮಗಾ."

"ಡಾಕ್ಟ್ರು ಹೇಳಿದ್ದು ಮರೆತ್ಯಾ ಅಜ್ಜಿ?" ಎಂದಳು ಮಿಶೀಲ್. "ಇನ್ನೊಂದು ಚಳಿಗಾಲ ಈ ಹೊಗೆ ಕುಡಿದ್ರೆ ನೀನು ಉಳಿಯಲ್ಲ."

"ಉಳೀದಿದ್ರೆ ಬೇಡ. ನಮ್ಮತ್ತೆ ಕೊಟ್ಟ ಬೆಂಕಿ ಇದು. ನೀನು ಮದುವೆಯಾಗಿ ಹೊಸ ಮನೆ ಹೂಡೋ ದಿನ ನಿನ್ನ ಒಲೆಗೂ ಇದ್ರಿಂದ್ಲೇ ಕೊಡ್ಬೇಕು. ಆರಬಾರ್ದು ಅಂತ ತಾನೆ ನಾನವತ್ತು ಹೊಗೆಕೊಳವೆ ಮುಚ್ಚಿದ್ದು..."

ಮಿಶೀಲ್ ಗಕ್ಕನೆ ತಿರುಗಿದಳು. "ನೀನಾ ಮುಚ್ಚಿದ್ದು?"

"ಹಳೇ ಕಲ್ಲಿದ್ದಲಿಗೆ ಹಾಗೇ ಮಾಡ್ತಿದ್ವಿ. ಉಂಡೆ ಉರಿಸುವಾಗ ಮುಚ್ಬೇಡಿ, ಒಳಗೆ ವಿಷದ ಹೊಗೆ ತುಂಬುತ್ತೆ ಅಂತ ಇವನು ಬಡ್ಕೊಂಡಿದ್ದ, ನಾನೆಲ್ಲಿ ಕೇಳಿದೆ? ನೀನು ಕೆಲ್ಸಕ್ಕೆ ಹೋಗಿದ್ದೆ. ಬಾಗ್ಲು ಒಡೆದು ನನ್ನ ಹೊರಗೆ ಎಳ್ಕೊಂಡಿದ್ದೂ ಇವನೇ. ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ದೆ."

ಮಿಶೀಲ್ ದುಲ್ಗೂನ್‌ನ ಎದುರಿಗೆ ಬಂದಳು. "ಇಷ್ಟು ದಿನ ಬೈಸ್ಕೊಂಡು ಸುಮ್ನಿದ್ಯಲ್ಲ... ಯಾಕೋ?"

"ನನ್ನ ಬೈದ್ರೆ ನೀನು ಹೊಟ್ಟೆ ತುಂಬ ಉಂಡು ಮಲಗ್ತೀಯ. ಅಜ್ಜಿನ ಬೈದಿದ್ರೆ ವಾರವೆಲ್ಲ ಅಳ್ತಿದ್ದೆ."

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲವರೆಗೆ ಹೋದಳು, ಮರಳಿ ಬಂದಳು. ಅಜ್ಜಿ ಮತ್ತೆ ಕೆಮ್ಮಿದರು. ಮಿಶೀಲ್ ಬುದ್ಧನ ಮುಂದೆ ಹಚ್ಚದೆ ಇಟ್ಟಿದ್ದ ತುಪ್ಪದ ದೀಪವನ್ನು ತಂದು ಅಜ್ಜಿಯ ಎದುರು ಹಿಡಿದಳು.

"ಬೆಂಕಿ ಈಗ್ಲೇ ಕೊಡು ಅಜ್ಜಿ. ಈ ದೀಪಕ್ಕೆ ಹಚ್ಚಿ ಕೊಡು. ಹೊಸ ಮನೆಗೆ ತಗೊಂಡು ಹೋಗ್ತೀನಿ."

"ಯಾರ ಮನೆಗೆ?"

ಮಿಶೀಲ್ ದುಲ್ಗೂನ್‌ನತ್ತ ನೋಡಿದಳು. "ಇವನ ಮನೆಗೆ... ಇವನು ಬೇಡ ಅನ್ನದಿದ್ರೆ."

ದುಲ್ಗೂನ್ ಹೀಟರನ್ನು ಮೆಲ್ಲನೆ ಕೆಳಗಿಟ್ಟ. "ನಮ್ಮನೇಲಿ ಒಲೆ ಇಲ್ಲ ಮಿಶೀಲ್. ದೀಪಕ್ಕೆ ಜಾಗ ಇದೆ."

"ನಂಗಷ್ಟು ಸಾಕು."

ಅಜ್ಜಿ ಒಲೆಯತ್ತ ಬಗ್ಗಿದರು. ಅದರ ಬೆಂಕಿಯಿಂದ ಕಡ್ಡಿಯೊಂದನ್ನು ಹೊತ್ತಿಸಿ, ದೀಪ ಹಚ್ಚಿಕೊಟ್ಟರು. ಕಣ್ಣು ಒರೆಸಿಕೊಂಡು ಪಕ್ಕಕ್ಕೆ ಸರಿದರು.

"ಇನ್ನು ಒಲೆ ಎತ್ತು ಮಗಾ."

ದುಲ್ಗೂನ್ ಅಲುಗಲಿಲ್ಲ.

"ಎತ್ತೋ, ಯಾಕೆ ನಿಂತೆ?" ಎಂದಳು ಮಿಶೀಲ್.

"ಇನ್ನೊಂದ್ಸಲ ಹೇಳು. ದೀಪ ಯಾರ ಮನೆಗೆ ಅಂದೆ?"

"ನಮ್ಮನೆಗೆ."