ಕಿತ್ತಳೆ ಬೆಟ್ಟದ ಮನೆಯ ಕಂಬಗಳು

ಮೋಡಗಳು ದಾರಿ ಕೇಳಿಕೊಂಡು ನಡೆಯುತ್ತಿದ್ದ ಕಾಲ. ಹೊಂಗಿರಿ ಎಂಬ ರಾಜ್ಯ. ಅಲ್ಲೊಂದು ಬೆಟ್ಟ, ಬೆಟ್ಟದ ತುಂಬ ಕಿತ್ತಳೆ ತೋಟ, ನೆತ್ತಿಯ ಮೇಲೆ ಒಂದು ಮನೆ.

ಅಂಥ ಮನೆ ಆ ರಾಜ್ಯದಲ್ಲೇ ಇನ್ನೊಂದು ಇರಲಿಲ್ಲ. ತೋಟದ ದುಗ್ಗನ ಮುತ್ತಜ್ಜ ನೆತ್ತಿ ಸಮ ಮಾಡಿ ಅಡಿಪಾಯ ಹಾಕಿದ. ಅಜ್ಜ ಗೋಡೆ ಎಬ್ಬಿಸಿದ. ಅಪ್ಪ ಹಂಚು ಹೊದಿಸಿ ಹೊಗೆಗೂಡು ಬಿಟ್ಟ. ದುಗ್ಗ ನಡುಮನೆಯಲ್ಲಿ ಬೀಟೆ ಮರದ ಕಂಬಗಳನ್ನು ಸಾಲಾಗಿ ನಿಲ್ಲಿಸಿದ. ಅವನ ಹೆಂಡತಿ ಬೆಳ್ಳಿ ನೆಲಕ್ಕೆ ಗಾರೆ ಬಳಿದು, ಬೆಣಚುಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಮುಖ ಕಾಣುವಂತೆ ಮಾಡಿದಳು.

ನಾಳೆ ಹೊಸ ಮನೆಗೆ ಒಕ್ಕಲು ಹೋಗಬೇಕು ಎನ್ನುವಾಗ ಮಂಜುಗಣ್ಣ ಎಂಬ ಮಾಂತ್ರಿಕ ಬಂದ. ಅವನು ಉಣ್ಣುವುದು ಮಂಜು, ಕುಡಿಯುವುದು ಮಂಜು. ಮನೆ ಸುತ್ತಿ ನೋಡಿದ.

"ಚೆಂದ ಇದೆ. ನನಗಿರಲಿ," ಎಂದ.

ಬೆಳ್ಳಿ ಪೊರಕೆ ಎತ್ತಿಕೊಂಡು ಬಂದಳು. "ನಿಮ್ಮಪ್ಪ ಕಟ್ಟಿಸಿದ್ದೇನೋ?"

ಮಾಂತ್ರಿಕ ಉಫ್ ಎಂದು ಊದಿದ. ಬೆಳ್ಳಿ ಕಂಬವಾಗಿ ನಡುಮನೆಯ ಸಾಲಿನಲ್ಲಿ ನಿಂತಳು. ಇನ್ನೊಮ್ಮೆ ಊದಿದ. ದುಗ್ಗ ಬೆಟ್ಟದ ಬುಡದಲ್ಲಿ ಬಿದ್ದಿದ್ದ.

ಅಲ್ಲೇ ಕೂತ. ಅನ್ನ ಸೇರಲಿಲ್ಲ. ಆಮೇಲೆ ಎದ್ದ. ಮನೆ ಹೋದರೆ ಹೋಗಲಿ, ಬೆಳ್ಳಿ ಬೇಕು. ಬೆಟ್ಟ ಹತ್ತಿದ.

ಮೆಟ್ಟಿಲ ಬುಡದಲ್ಲಿ ಮಾಂತ್ರಿಕ ಕಾವಲಿಟ್ಟ ಕಲ್ಲುಹುಲಿ ಕೂತಿತ್ತು. "ಎಲೋ, ಗಾಳಿಗೆ ಬೆಟ್ಟವೇ ನಡುಗುತ್ತೆ, ಈ ಮನೆ ಯಾಕೆ ನಡುಗಲ್ಲ? ಹೇಳಿದರೆ ದಾರಿ, ಹೇಳದಿದ್ದರೆ ನೀನೇ ಊಟ."

"ನಮ್ಮ ಮುತ್ತಜ್ಜ ಬಂಡೆ ಸಿಗುವವರೆಗೂ ಅಗೆದ. ಬೆಟ್ಟದ ಬೆನ್ನೆಲುಬಿನ ಮೇಲೇ ಕಲ್ಲಿಟ್ಟ."

"ಭಲೇ ಮುತ್ತಜ್ಜ!" ಹುಲಿ ದಾರಿ ಬಿಟ್ಟಿತು.

ಹೆಬ್ಬಾಗಿಲಿಗೆ ಹೆಬ್ಬಾವು ಸುತ್ತಿಕೊಂಡಿತ್ತು. "ಎಲೋ, ಹೊರಗೆ ಚಳಿ, ಒಳಗೆ ಬೆಚ್ಚಗೆ. ಹೊರಗೆ ಬಿಸಿಲು, ಒಳಗೆ ತಂಪು. ಯಾಕೆ? ಹೇಳಿದರೆ ದಾರಿ, ಹೇಳದಿದ್ದರೆ ನೀನೇ ಊಟ."

"ನಮ್ಮಜ್ಜ ಕಟ್ಟಿದ್ದು ಜೋಡಿಗೋಡೆ. ನಡುವೆ ಗಾಳಿಗೆ ಜಾಗ ಬಿಟ್ಟ. ಬಿಸಿಲಾಗಲಿ, ಚಳಿಯಾಗಲಿ, ಅದನ್ನ ದಾಟಿ ಬರಲ್ಲ."

"ಅದಕ್ಕೇ ನನಗೆ ಇಷ್ಟು ನಿದ್ದೆ," ಎಂದು ಹಾವು ಸರಿದು ಮಲಗಿತು.

ನಡುಮನೆಯಲ್ಲಿ ಮಾಂತ್ರಿಕ ಕಾಯುತ್ತಿದ್ದ. "ಬಂದೆಯಾ? ನಿನ್ನ ಹೆಂಡತಿ ಯಾವ ಕಂಬ, ಮುಟ್ಟಿ ತೋರಿಸು. ತಪ್ಪಿದರೆ ನೀನೂ ಕಂಬ."

ದುಗ್ಗ ನೋಡಿದ. ತಾನೇ ನಿಲ್ಲಿಸಿದ ಕಂಬಗಳು, ಆದರೆ ಮಾಂತ್ರಿಕ ಅವುಗಳ ಜಾಗ ಅದಲುಬದಲು ಮಾಡಿದ್ದ. ಎಲ್ಲ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಹೂವಿನ ಕೆತ್ತನೆ. ಎಲ್ಲವೂ ಚೆಂದ. ಇಷ್ಟು ದಿನ ಜೊತೆಗೆ ಬಾಳಿದವಳು. ಗುರುತು ಹತ್ತಲಿಲ್ಲ. ಕಣ್ಣು ತುಂಬಿತು.

ಹಿತ್ತಲಲ್ಲಿ ಹಸು ಕೂಗಿತು. ಕರೆಯುವವರಿಲ್ಲದೆ ಕೆಚ್ಚಲು ಬಿಗಿದಿತ್ತು. ದುಗ್ಗ ಕಣ್ಣು ಒರೆಸಿಕೊಂಡ.

"ಸ್ವಾಮಿ, ಹೊಸ ಮನೆ. ಇನ್ನೂ ಹಾಲು ಉಕ್ಕಿಸಿಲ್ಲ. ಅದೊಂದು ಮಾಡಿ ಬಂದು ಮುಟ್ಟುತ್ತೀನಿ."

ಮಂಜುಗಣ್ಣ ನಕ್ಕ. ಒಲೆ ಹಚ್ಚಿದವನಲ್ಲ, ಅವನಿಗೇನು ಗೊತ್ತು? "ಉಕ್ಕಿಸಿಕೋ ಹೋಗು."

ದುಗ್ಗ ಹಾಲು ಕರೆದ. ಒಲೆ ಹಚ್ಚಿದ. ಪಾತ್ರೆ ಇಟ್ಟ. ಹೊಗೆಗೂಡಿನಲ್ಲಿ ಹೊಗೆ ನೆಟ್ಟಗೆ ಏರಿತು, ಒಂದು ಎಳೆಯೂ ಒಳಗೆ ನಿಲ್ಲಲಿಲ್ಲ. ಹಾಲು ಏರಿತು. ಏರಿತು. ದುಗ್ಗ ಕೈ ಕಟ್ಟಿ ನಿಂತ. ಚುಂಯ್ ಎಂದು ಬೆಂಕಿಗೆ ಸುರಿಯಿತು.

"ಬೆಳ್ಳೀ, ಹಾಲು ಉಕ್ಕುತ್ತಾ ಇದೆ ಕಣೇ!" ಎಂದು ಕೂಗಿದ.

ನಡುಮನೆಯಲ್ಲಿ ಒಂದು ಕಂಬ ಅಲ್ಲಾಡಿತು. ಓಡಿತು. ಓಡುತ್ತಲೇ ಕಾಲು ಬಂತು, ಸೀರೆ ಬಂತು, ಬಾಯಿ ಬಂತು.

"ನಿಂತು ನೋಡ್ತಿದ್ದೀರಲ್ರೀ! ಕೈ ಇಲ್ವಾ ನಿಮಗೆ? ಉರಿ ತಗ್ಗಿಸಬಾರದಾ?"

ಹಾಲು ಉಕ್ಕಿದ ಮೇಲೆ ಮನೆ ಉಕ್ಕಿಸಿದವರದ್ದು. ಅಲ್ಲಿ ಬೇರೆಯವರ ಮಂತ್ರ ನಡೆಯುವುದಿಲ್ಲ. ಮಾಂತ್ರಿಕ ಮಂಜಾಗಿ ಕರಗಿ, ಹೊಗೆಯ ಜೊತೆ ಹೊಗೆಗೂಡು ಹತ್ತಿ ಹೊರಗೆ ಹೋದ. ಮತ್ತೆ ಬರಲಿಲ್ಲ.

ದುಗ್ಗ, ಬೆಳ್ಳಿ ಆ ಮನೆಯಲ್ಲೇ ಬಾಳಿದರು. ಅವಳು ದಿನಾ ಬೈದಳು. ಅವನು ದಿನಾ ಕೇಳಿದ. ಇಬ್ಬರ ತಲೆಯೂ ಒಟ್ಟಿಗೇ ನರೆಯಿತು. ಅಷ್ಟು ಸುಖ ಹೊಂಗಿರಿಯ ದೊರೆಗೂ ಇರಲಿಲ್ಲ.