ಹಳದಿ ಕಾರಿನ ವಾರಂಟಿ ಮುಗಿಯುವ ಮುನ್ನ

"ಹೇಗೆ ಓಡಿಸ್ತೀರಿ? ಮೆಲ್ಲಗೋ, ಜೋರಾಗೋ?"

ಅವಳು ಕೇಳಿದ್ದು ಅಷ್ಟೇ. ಹಳದಿ ಕಾರು ಲಿಫ್ಟಿನ ಮೇಲಿತ್ತು, ಅವಳು ಅದರ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದಳು. ಉತ್ತರಕ್ಕಾಗಿ ಕತ್ತು ತಿರುಗಿಸಿ ಅವನತ್ತ ನೋಡಿದಳು. ಎಡಗೆನ್ನೆಯ ಮೇಲೆ ಹೆಬ್ಬೆರಳಗಲ ಗ್ರೀಸ್. ಅದನ್ನು ನೋಡುತ್ತ ನಿಂತವನಿಗೆ ಪ್ರಶ್ನೆಯೇ ಮರೆತುಹೋಯಿತು. ನೆನಪಾದಾಗ ಬಾಯಿಂದ ಬಂದದ್ದು ಯಾರದೋ ಮಾತು.

"ಜೋರಾಗೇ! ಭಾನುವಾರ ಬಂತು ಅಂದ್ರೆ ರೇಸ್ ಟ್ರ್ಯಾಕ್‌ಗೆ ತಗೊಂಡು ಹೋಗ್ತೀನಿ. ಇಂಥ ಗಾಡಿ ಇಟ್ಕೊಂಡು ಮೆಲ್ಲಗೆ ಹೋಗೋಕಾಗುತ್ತಾ?"

"ಓಹೋ," ಎಂದಳು ಅವಳು. ಹುಬ್ಬು ಒಂದಿಷ್ಟು ಮೇಲೇರಿತು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮತ್ತೆ ಕಾರಿನ ಹೊಟ್ಟೆಗೆ ಬೆಳಕು ಬಿಟ್ಟಳು. ಮೆಚ್ಚಿಕೊಂಡಳು ಎಂದುಕೊಂಡ ಅವನು. ಹಾಗೆಂದುಕೊಂಡ ಮರುಕ್ಷಣವೇ ಅವನ ಕಿವಿಗಳು ಬಿಸಿಯಾದವು.

ನಿಜ ಹೇಳಬೇಕೆಂದರೆ ಆ ಕಾರು ಅವನ ಕೈಯಲ್ಲಿ ಅರವತ್ತು ದಾಟಿದ್ದೇ ಇಲ್ಲ. ಅವನ ಕೆಲಸ ವಯಸ್ಸಾದವರ ಶ್ರವಣ ಪರೀಕ್ಷೆ ಮಾಡಿ ಕಿವಿಗೆ ಮಷೀನ್ ಹೊಂದಿಸುವುದು. ಆತುರ ಎಂಬುದು ಆ ಕೆಲಸದಲ್ಲೂ ಇಲ್ಲ, ಅವನಲ್ಲೂ ಇಲ್ಲ. ಮದುವೆ ಗೊತ್ತಾಗಿದ್ದ ಹುಡುಗಿ, "ನೀವು ತುಂಬ ಒಳ್ಳೆಯವರು, ಆದ್ರೆ ನಿಮ್ಮ ಜೊತೆ ಕೂತ್ರೆ ನಿದ್ದೆ ಬರುತ್ತೆ," ಎಂದು ಹೇಳಿ ದೂರವಾದ ಮೇಲೆ ಹಟಕ್ಕೆ ಬಿದ್ದು ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದ. ಅದು ಗುಡುಗುವ ಕಾರು. ಬೀದಿಯಲ್ಲಿ ಅದರ ಸದ್ದು ಕೇಳಿ ಗಾಬರಿಯಿಂದ ಪಕ್ಕಕ್ಕೆ ಸರಿದ ಜನ, ಅದು ಹತ್ತಿರ ಬರುವಷ್ಟರಲ್ಲಿ ಬೇಸತ್ತು ರಸ್ತೆ ದಾಟಿಬಿಡುತ್ತಿದ್ದರು.

ಇತ್ತೀಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಾರು ನಡುಗುತ್ತಿತ್ತು. "ಶನಿವಾರಕ್ಕೆ ವಾರಂಟಿ ಮುಗಿಯುತ್ತೆ ಕಣೋ," ಎಂದು ಅಕ್ಕ ಬೆನ್ನು ಹತ್ತಿದ್ದಳು. "ಕಂಪನಿಯವ್ರ ಹತ್ರ ಬರಿಗೈಯಲ್ಲಿ ಹೋಗ್ಬೇಡ. ಹೊರಗಿನೋರ ಹತ್ರ ಚೆಕ್ ಮಾಡಿಸಿ, ರಿಪೋರ್ಟ್ ಹಿಡ್ಕೊಂಡು ಹೋಗು." ಹಾಗಾಗಿ ಅವನು ಈ ಶೆಡ್ಡಿಗೆ ಬಂದಿದ್ದ. ಇಲ್ಲಿ ಒಂದು ಲಿಫ್ಟ್, ಎರಡು ಸ್ಟೂಲು, ಮತ್ತು ಹಳೆಯ ಕಾರುಗಳ ಗುಟ್ಟು ಬಿಡಿಸುವುದರಲ್ಲಿ ಹೆಸರು ಮಾಡಿದ ಇವಳು.

"ನಾಳೆ ಬನ್ನಿ," ಎಂದಳು. "ಎಂಜಿನ್ ಪೂರ್ತಿ ತಣ್ಣಗಿರುವಾಗ ಒಂದ್ಸಲ ಕೇಳ್ಬೇಕು."

ಮರುದಿನ ಇಬ್ಬರೂ ಬಾನೆಟ್ಟಿನ ಮೇಲೆ ಬಗ್ಗಿ ನಿಂತು ಕೇಳಿದರು. ಅವನು ಅಭ್ಯಾಸದಂತೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿದ.

"ಸಣ್ಣಗೆ ಸಿಳ್ಳೆ ಥರ ಬರ್ತಿದೆ. ಬಲಗಡೆ, ಕೆಳಗೆ."

ಕಣ್ಣು ತೆರೆದರೆ ಅವಳು ಎಂಜಿನ್ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಸಿಕ್ಕಿಬಿದ್ದವಳಂತೆ ಥಟ್ಟನೆ ಸ್ಪ್ಯಾನರ್ ಹುಡುಕತೊಡಗಿದಳು. ಸ್ಪ್ಯಾನರ್ ಅವಳ ಕೈಯಲ್ಲೇ ಇತ್ತು.

ಟೀ ಕುಡಿಯುವಾಗ ಅವಳೇ ಕೆಣಕಿದಳು. "ಟ್ರ್ಯಾಕಲ್ಲಿ ತಿರುವು ಬಂದಾಗ ಏನ್ಮಾಡ್ತೀರಿ?"

"ತಿರುವಲ್ಲೇ ಮಜಾ ಇರೋದು. ಬ್ರೇಕ್ ಮುಟ್ಟೋದೇ ಇಲ್ಲ ನಾನು."

ಅವಳು ಕೆಮ್ಮಿದಳು. ಟೀ ನೆತ್ತಿಗೇರಿತೆಂದು ಅವನು ಗಾಬರಿಯಾಗಿ ನೀರು ತಂದುಕೊಟ್ಟ. ಆ ರಾತ್ರಿ ಹಾಸಿಗೆಯಲ್ಲಿ ಆ ಮಾತು ನೆನಪಾದಾಗಲೆಲ್ಲ ದಿಂಬಿನಲ್ಲಿ ಮುಖ ಹುದುಗಿಸಿಕೊಂಡ. ಸುಳ್ಳು ಹೇಳಿದ್ದಕ್ಕಿಂತ, ಅವಳು ಕಣ್ಣರಳಿಸಿ ಕೇಳುತ್ತಿದ್ದಾಗ ತನಗೆ ಹಿಗ್ಗಾಗಿತ್ತಲ್ಲ, ಅದು ಹೆಚ್ಚು ನಾಚಿಕೆ ತಂದಿತು.

ಶುಕ್ರವಾರ ಸಂಜೆ ಅವಳು ರಿಪೋರ್ಟ್ ಮುಂದಿಟ್ಟುಕೊಂಡು ಕೂತಿದ್ದಳು. ಮುಖದಲ್ಲಿ ತುಂಟತನವಿರಲಿಲ್ಲ.

"ಟರ್ಬೊ ಸೀಲ್ ಹೋಗಿದೆ, ಆಯಿಲ್ ಸೋರ್ತಿದೆ. ಕಂಪನಿಯವ್ರು ಪುಕ್ಕಟೆ ಸರಿ ಮಾಡ್ಕೊಡ್ಲೇಬೇಕು. ಆದ್ರೆ ಗಾಡೀನ ರೇಸಿಗೆ ಬಳಸಿದ್ರೆ ವಾರಂಟಿ ನಡೆಯಲ್ಲ. ಮಾಲೀಕರು ಹೇಗೆ ಓಡಿಸ್ತಾರೆ ಅಂತ ನಾನು ಇಲ್ಲಿ ಬರೀಬೇಕು." ಪೆನ್ನು ಎತ್ತಿ ಅವನ ಕಣ್ಣನ್ನೇ ನೋಡಿದಳು. "ಯೋಚ್ನೆ ಮಾಡಿ ಹೇಳಿ. ಏನಂತ ಬರೀಲಿ?"

ನಿಜ ಹೇಳಲು ಬಾಗಿಲು ಹಾರುಹೊಡೆದು ತೆರೆದೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅರವತ್ತು ದಾಟಿಲ್ಲ ಎಂದರೆ ಇವಳೂ ಆಕಳಿಸಿ ಎದ್ದು ಹೋಗುತ್ತಾಳೆ ಎನಿಸಿತು.

"ಟ್ರ್ಯಾಕ್ ಅಂತಲೇ ಬರೀರಿ," ಎಂದುಬಿಟ್ಟ.

ಅವಳ ಮುಖ ಬಾಡಿತು. "ಸರಿ. ನಾಳೆ ಬಂದು ಸಹಿ ಹಾಕಿ," ಎಂದು ಎದ್ದಳು.

ಶನಿವಾರ ಬೆಳಿಗ್ಗೆ ಅವನ ಬಳಿ ಬಂದವರು ಒಬ್ಬ ಅಜ್ಜಿ. ಶ್ರವಣ ಪರೀಕ್ಷೆ ಎಂದರೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೀಪ್ ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಅವನಿನ್ನೂ ಶಬ್ದವನ್ನೇ ಬಿಟ್ಟಿರಲಿಲ್ಲ, ಅಜ್ಜಿ ಟಪಟಪನೆ ಗುಂಡಿ ಒತ್ತುತ್ತಿದ್ದರು. ಗಾಜಿನಾಚೆ ಕೂತ ಸೊಸೆಯ ಎದುರು ಸೋಲಬಾರದಲ್ಲ!

ಅವನು ಹೆಡ್‌ಫೋನ್ ತೆಗೆದು ಅಜ್ಜಿಯ ಕಿವಿಯ ಬಳಿ ಬಗ್ಗಿದ. "ಅಜ್ಜಿ, ಕೇಳಿಸ್ದೇ ಇದ್ರೆ ಒತ್ತಬೇಡಿ. ನಾಚ್ಕೊಂಡು ಒತ್ತಿದ್ರೆ ನಾನು ತಪ್ಪು ಮಷೀನ್ ಹಾಕ್ಬಿಡ್ತೀನಿ. ಆಮೇಲೆ ಅದನ್ನ ಹೊತ್ಕೊಂಡು ತಿರುಗೋರು ನೀವೇ."

ಅಜ್ಜಿ ತಲೆ ತಗ್ಗಿಸಿ, "ಏನೂ ಕೇಳಿಸ್ತಿಲ್ಲಪ್ಪ," ಎಂದು ಸಣ್ಣಗೆ ಹೇಳಿದರು.

ಅವನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ದಿನವೂ ಎಲ್ಲರಿಗೂ ಹೇಳುವ ಮಾತನ್ನು ಅವನು ಕೇಳಿಸಿಕೊಂಡದ್ದು ಇವತ್ತೇ ಮೊದಲು. ಅಜ್ಜಿಯ ಪರೀಕ್ಷೆಯನ್ನು ನಿಧಾನವಾಗಿ ಮುಗಿಸಿಕೊಟ್ಟು, ಅರ್ಧ ದಿನ ರಜೆ ಹಾಕಿ ಶೆಡ್ಡಿಗೆ ಹೋದ.

ಅವಳು ಸ್ಟೂಲಿನ ಮೇಲೆ ಕೂತು ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಒಂದೇ ಉಸಿರಿನಲ್ಲಿ ಹೇಳಿದ.

"ನಾನು ಹೇಳಿದ್ದೆಲ್ಲ ಸುಳ್ಳು. ಟ್ರ್ಯಾಕ್ ನೋಡಿದ್ದು ಟೀವೀಲಿ ಮಾತ್ರ. ನನಗೆ ಸ್ಪೀಡ್ ಅಂದ್ರೆ ಭಯ. ರಿವರ್ಸ್ ಅಂದ್ರೆ ಇನ್ನೂ ಭಯ. ನಿಮ್ಮ ಕಣ್ಣಿಗೆ ದೊಡ್ಡವನಾಗಿ ಕಾಣ್ಬೇಕು ಅಂತ ಬಡಾಯಿ ಕೊಚ್ಕೊಂಡೆ. ನಾಚ್ಕೆ ಆಗ್ತಿದೆ ನನಗೆ."

"ಗೊತ್ತು," ಎಂದಳು ಅವಳು.

"ಗೊತ್ತಾ?"

"ಟೈರಿನ ಅಂಚಲ್ಲಿ ಹೊಸ ರಬ್ಬರಿನ ಕೂದಲು ಇನ್ನೂ ಹಾಗೇ ಇದೆ. ಟ್ರ್ಯಾಕಿಗೆ ಹೋದ ಟೈರಲ್ಲಿ ಅದು ಒಂದು ಸುತ್ತಿಗೇ ಉಜ್ಜಿಹೋಗುತ್ತೆ."

ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಬ್ರೇಕ್ ಮುಟ್ಟುವುದೇ ಇಲ್ಲ ಎಂದದ್ದು, ಅವಳು ಕೆಮ್ಮಿದ್ದು, ತಾನು ಓಡಿಹೋಗಿ ನೀರು ತಂದದ್ದು ಎಲ್ಲ ಸಾಲಾಗಿ ಕಣ್ಣೆದುರು ಬಂತು. "ಹಾಗಾದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಈಗ ತಲೆ ತಗ್ಗಿಸುವ ಸರದಿ ಅವಳದಾಯಿತು. ಕುತ್ತಿಗೆಯಿಂದ ಕೆಂಪು ಮೇಲೇರಿ ಕೆನ್ನೆಯ ಮೇಲೆ ನಿನ್ನೆಯಿಂದ ಉಳಿದ ಗ್ರೀಸಿನ ಕಲೆಯವರೆಗೂ ಬಂತು.

"ಚೆಕಿಂಗ್ ಮೊದಲನೇ ದಿನವೇ ಮುಗಿದಿತ್ತು. ಎಂಜಿನ್ ತಣ್ಣಗಿರ್ಬೇಕು ಅಂತ ಹೇಳಿದ್ದು ಬರೀ ನೆಪ. ನೀವು ಇನ್ನೊಂದು ಸಲ ಬರ್ಲಿ, ಇನ್ನೊಂದು ಸುಳ್ಳು ಹೇಳ್ಲಿ ಅಂತ ಆಸೆಪಟ್ಟೆ. ನಿಮ್ಮ ವಾರಂಟಿ ಮುಗೀತಿದೆ ಅಂತ ಗೊತ್ತಿದ್ರೂ ಆಟ ಆಡ್ದೆ. ನನ್ನ ಕೆಲಸದಲ್ಲಿ ಯಾವತ್ತೂ ಹೀಗೆ ಮಾಡಿರ್ಲಿಲ್ಲ. ನಿನ್ನೆಯಿಂದ ಮುಖ ತೊಳೆಯೋಕೂ ಕನ್ನಡಿ ಮುಂದೆ ನಿಂತಿಲ್ಲ."

ಗ್ರೀಸ್ ಯಾಕೆ ಹಾಗೇ ಇದೆ ಎಂದು ಅವನಿಗೆ ಅರ್ಥವಾಯಿತು. ನಗು ಬಂತು.

"ಕಂಪನಿ ಸಂಜೆ ತನಕ ತೆರೆದಿರುತ್ತೆ," ಎಂದು ಅವಳೇ ಹೇಳಿ, ಹೊಸ ಹಾಳೆ ತೆಗೆದು ಬರೆದಳು. ಅವನು ಓದಿದ: 'ಟ್ರ್ಯಾಕ್ ಬಳಕೆ ಇಲ್ಲ. ಮಾಲೀಕರು ಅರವತ್ತು ದಾಟುವುದಿಲ್ಲ. ಹೆದರುತ್ತಾರೆ.'

"ಹೆದರುತ್ತಾರೆ ಅಂತನೂ ಇರ್ಬೇಕಾ?"

"ಹೊಡೆದುಹಾಕ್ಲಾ?"

ಅವನು ಒಂದು ಕ್ಷಣ ಯೋಚಿಸಿದ. "ಬೇಡ, ಇರ್ಲಿ," ಎಂದು ಸಹಿ ಹಾಕಿದ.

ಇಬ್ಬರೂ ಅದೇ ಕಾರಿನಲ್ಲಿ ಕಂಪನಿಗೆ ಹೋದರು. ಕೌಂಟರಿನಲ್ಲಿ ಕೂತ ಯುವಕ ರಿಪೋರ್ಟನ್ನು ಗಟ್ಟಿಯಾಗಿ ಓದಿದ. "ಹೆದರುತ್ತಾರೆ?" ಎಂದು ತಲೆಯೆತ್ತಿದ. ಸೋಫಾದ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕಿವಿ ಕೆಂಡವಾಯಿತು.

"ಹೌದು, ನಾನೇ," ಎಂದ, ಎಲ್ಲರಿಗೂ ಕೇಳುವಂತೆ.

ಕೌಂಟರಿನ ಕೆಳಗೆ, ಯಾರಿಗೂ ಕಾಣದಂತೆ, ಅವಳು ಅವನ ಕೈ ಹಿಡಿದಳು. ಯುವಕ ಮುದ್ರೆ ಒತ್ತಿ ಕಾರಿನ ಕೀ ಇಸಿದುಕೊಳ್ಳುವ ತನಕ ಬಿಡಲಿಲ್ಲ.

ರಿಪೇರಿಗೆ ವಾರ ಬೇಕಂತೆ. ಕಾರು ಅಲ್ಲೇ ಬಿಟ್ಟು ಇಬ್ಬರೂ ಫುಟ್‌ಪಾತಿನ ಮೇಲೆ ನಡೆದರು.

"ನನಗೆ ಈಗ ಹೊಸ ಭಯ ಶುರುವಾಗಿದೆ," ಎಂದ ಅವನು. "ಕಾರು ಸರಿಯಾಗ್ಬಿಡುತ್ತೆ. ಆಮೇಲೆ ನಿಮ್ಮ ಹತ್ರ ಏನಂತ ಹೇಳ್ಕೊಂಡು ಬರ್ಲಿ?"

"ಇದ್ದದ್ದನ್ನ ಹೇಳಿ."

ಅವನು ನಿಂತ. ಅವಳೂ ನಿಂತಳು. ಜನ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.

"ನೀವು ನನಗೆ ತುಂಬ ಇಷ್ಟ," ಎಂದ. ಹೇಳಿದ ಮೇಲೆ ನಾಚಿಕೆಗಾಗಿ ಕಾದ. ಅದು ಬರಲಿಲ್ಲ.

"ಹಾಗಂತ ಹೇಳ್ಕೊಂಡೇ ಬನ್ನಿ," ಎಂದಳು ಅವಳು.